ಇಲಿಯ ನಡಿಗೆ ಸರಿಮಾಡಿದ ಮದ್ದು ನನ್ನ ತಮ್ಮನಿಗೂ ಆಗಿಬರುತ್ತದಾ?

ಪ್ರಶ್ನೆ: ನನ್ನ ತಮ್ಮನಿಗೆ 19 ವರ್ಷ. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಓಡುವಾಗ ಪದೇಪದೇ ಬೀಳಲು ಶುರುಮಾಡಿದ. ಸೋಮಾರಿ, ಲಕ್ಷ್ಯ ಇಲ್ಲ ಅಂತ ಎಲ್ಲರೂ ಬೈದರು. ಈಗ ಕೈಬರಹ ಅವನಿಗೇ ಓದಲು ಆಗುವುದಿಲ್ಲ, ಮಾತು ಎಳೆಯುತ್ತದೆ, ಕತ್ತಲಲ್ಲಿ ಗೋಡೆ ಹಿಡಿಯದೆ ನಡೆಯಲಾರ. ಜೀನ್ ಪರೀಕ್ಷೆಯಲ್ಲಿ ಫ್ರೀಡ್ರೈಕ್ ಅಟಾಕ್ಸಿಯಾ, ಅಂದರೆ ಮೈಯ ಆಯ ತಪ್ಪಿಸುವ ಒಂದು ಹುಟ್ಟು ಕಾಯಿಲೆ, ಅಂತ ಬಂದಿದೆ. ಮೆದುಳಿನ ಒಂದು ಕಿಣ್ವವನ್ನು ತಡೆಯುವ ಔಷಧದಿಂದ ಆಯ ತಪ್ಪುವುದು ಸರಿಹೋಗುತ್ತದೆ, ಇಲಿಗಳಲ್ಲಿ ಗೊತ್ತಾಗಿದೆ ಅಂತ ಓದಿದೆ. ಅದೇ ಕೆಲಸವನ್ನು ಸೋಡಿಯಂ ಬೆಂಜೋಯೇಟ್ ಮಾಡುತ್ತದಂತೆ, ಆಹಾರ ಕೆಡದಿರಲಿ ಅಂತ ಹಾಕುವ ವಸ್ತು, ಕೊಟ್ಟರೆ ತಪ್ಪೇನು ಅಂತ ಪರಿಚಯದವರೊಬ್ಬರು ಕೇಳುತ್ತಿದ್ದಾರೆ. ಇನ್ನೊಬ್ಬರು ಅಸೆಟಜೋಲಮೈಡ್ ಮಾತ್ರೆಯಿಂದ ಅವರ ಸಂಬಂಧಿಕರ ಅಟಾಕ್ಸಿಯಾ ನಿಂತೇಹೋಯಿತು ಅನ್ನುತ್ತಾರೆ. ಅಮ್ಮ ಮಾತ್ರ ಇದೆಲ್ಲ ನರದ ಬಲಹೀನತೆ, ಮೈಗೆ ಶಕ್ತಿ ಬಂದರೆ ಸರಿಯಾಗುತ್ತದೆ ಅಂತಲೇ ನಂಬಿದ್ದಾರೆ. ನನಗೆ 27. ನನಗೂ ಬರುತ್ತದಾ?

ಉತ್ತರ: ಮೊದಲು ಒಂದು ಮಾತು. ಬೆಂಜೋಯೇಟ್ ಕೊಡಬೇಡಿ. ಈಗಾಗಲೇ ಕೊಡುತ್ತಿದ್ದರೆ ನಿಲ್ಲಿಸಿ, ಎಷ್ಟು ದಿನ ಎಷ್ಟು ಕೊಟ್ಟಿರಿ ಅಂತ ನಿಮ್ಮ ನರತಜ್ಞರಿಗೆ ಮುಚ್ಚುಮರೆ ಇಲ್ಲದೆ ಹೇಳಿ. ಕಾರಣ ಮುಂದೆ ಬರುತ್ತದೆ.

ನಿಮ್ಮ ಪ್ರಶ್ನೆಯ ಒಳಗಿರುವ ನಿಜವಾದ ಚಿಂತೆ ನನಗೆ ಅರ್ಥವಾಗುತ್ತದೆ. ಎಲ್ಲೋ ಒಂದು ಔಷಧ ಇದೆ, ನಮಗೆ ಗೊತ್ತಿಲ್ಲದ ಕಾರಣಕ್ಕೆ ತಮ್ಮನಿಗೆ ಅದು ಸಿಗುತ್ತಿಲ್ಲವೇನೋ ಅನ್ನುವ ಭಯ ಅದು. ಇಂಥ ಕಾಯಿಲೆ ಇರುವ ಹೆಚ್ಚುಕಡಿಮೆ ಎಲ್ಲ ಮನೆಯವರೂ ಒಂದಲ್ಲ ಒಂದು ದಿನ ಇದನ್ನು ಕೇಳುತ್ತಾರೆ. ನೀವು ಓದಿದ್ದು ಸುಳ್ಳಲ್ಲ, ಅರ್ಧ ಕಥೆ ಅಷ್ಟೇ.

ಅಮ್ಮನ ಮಾತಿನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಇಂಥ ಹುಡುಗರು ಬಂದಾಗ ನಾನು ಮಂಚದ ಮೇಲೆ ಮಲಗಿಸಿ, ಮೊಣಕಾಲು ಮಡಿಸಿ, ನನ್ನ ಕೈಗೆ ವಿರುದ್ಧವಾಗಿ ಒದೆಯಲು ಹೇಳುತ್ತೇನೆ. ಕಾಯಿಲೆಯ ಮೊದಲ ವರ್ಷಗಳಲ್ಲಿ ಆ ಒದೆತ ಜೋರಾಗಿಯೇ ಇರುತ್ತದೆ, ಕೆಲವೊಮ್ಮೆ ನಾನೇ ಒಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ಅಂದರೆ ಶಕ್ತಿ ಇದೆ. ಆಮೇಲೆ ತೋರುಬೆರಳಿನಿಂದ ತನ್ನ ಮೂಗು, ನನ್ನ ಬೆರಳ ತುದಿ, ಮತ್ತೆ ಮೂಗು ಅಂತ ಮುಟ್ಟಿಸುತ್ತೇನೆ. ಬೆರಳು ನೇರ ಬರುವುದಿಲ್ಲ, ಗುರಿ ಹತ್ತಿರವಾದಷ್ಟೂ ಅತ್ತಿತ್ತ ಹೊಯ್ದಾಡುತ್ತದೆ. ಕೊನೆಗೆ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಲು ಹೇಳುತ್ತೇನೆ. ಕಣ್ಣು ತೆರೆದಿದ್ದಾಗ ಹೇಗೋ ನಿಂತಿದ್ದ ಹುಡುಗ ಕಣ್ಣು ಮುಚ್ಚಿದ ಎರಡೇ ಕ್ಷಣಕ್ಕೆ ವಾಲುತ್ತಾನೆ, ನಾನು ಹಿಡಿದುಕೊಳ್ಳಲು ತಯಾರಾಗಿಯೇ ನಿಂತಿರುತ್ತೇನೆ.

ನಿಮ್ಮ ತಮ್ಮ ಕತ್ತಲಲ್ಲಿ ಗೋಡೆ ಹಿಡಿಯುವುದೂ ಇದೇ. ನಮ್ಮ ಪಾದ ಎಲ್ಲಿದೆ, ಮಂಡಿ ಎಷ್ಟು ಬಾಗಿದೆ ಅನ್ನುವುದು ನೋಡದೆಯೇ ನಮಗೆ ಗೊತ್ತಿರುತ್ತದೆ ಅಲ್ವಾ, ಆ ಸುದ್ದಿ ಹೊತ್ತು ತರುವ ನರಕೋಶಗಳು ಬೆನ್ನುಹುರಿಯ ಪಕ್ಕದಲ್ಲಿ ಸಣ್ಣ ಗಂಟುಗಳಾಗಿ ಕೂತಿರುತ್ತವೆ. ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಈ ಕೋಶಗಳು. ಕಾಲಿನಿಂದ ಸುದ್ದಿ ಬರದಿದ್ದಾಗ ಕಣ್ಣು ಆ ಕೆಲಸ ವಹಿಸಿಕೊಳ್ಳುತ್ತದೆ. ದೀಪ ಆರಿತೋ, ಅದೂ ಇಲ್ಲ. ಹಾಗಾಗಿ ಟಾನಿಕ್ಕು, ಶಕ್ತಿಯ ಪುಡಿ, ಬಲ ಬರಿಸುವ ಇಂಜೆಕ್ಷನ್ ಇವುಗಳಿಂದ ಈ ತೊಂದರೆ ಹೋಗುವುದಿಲ್ಲ. ಅಮ್ಮನಿಗೆ ಇದನ್ನು ಹೇಳುವಾಗ ಇನ್ನೊಂದನ್ನೂ ಸೇರಿಸಿ: ಅವರು ಊಟ ತಿಂಡಿಯಲ್ಲಿ ಏನೋ ಕಡಿಮೆ ಮಾಡಿದ್ದಕ್ಕೆ ಹೀಗಾಯಿತು ಅನ್ನುವುದೂ ಇಲ್ಲ. ತಾಯಂದಿರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಹಾಗೆ ಅಂದುಕೊಂಡಿರುತ್ತಾರೆ.

ಕಾಯಿಲೆಯ ಮೂಲ ಇರುವುದು ಜೀನಿನಲ್ಲಿ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ನಿಕೊಲಾಸ್ ಫ್ರೀಡ್ರೈಕ್ ಎಂಬ ವೈದ್ಯರು 1863ರಲ್ಲಿ ಇದನ್ನು ಮೊದಲು ವಿವರಿಸಿದರು, ಕಾರಣವಾದ ಜೀನು ಸಿಕ್ಕಿದ್ದು 1996ರಲ್ಲಿ. ಒಂಬತ್ತನೇ ಕ್ರೋಮೋಸೋಮಿನಲ್ಲಿರುವ ಆ ಜೀನಿನಲ್ಲಿ ಜಿಎಎ ಅನ್ನುವ ಮೂರಕ್ಷರದ ತುಣುಕು ಎಲ್ಲರಲ್ಲೂ ಕೆಲವು ಸಲ ಪುನರಾವರ್ತನೆ ಆಗಿರುತ್ತದೆ. ಈ ಕಾಯಿಲೆ ಇರುವವರಲ್ಲಿ ಅದು ನೂರಾರು ಸಲ ಆಗಿರುತ್ತದೆ. ಆಗ ಆ ಜೀನಿನ ಬಾಯಿ ಹೆಚ್ಚುಕಡಿಮೆ ಕಟ್ಟಿದ ಹಾಗೆ ಆಗಿ ಫ್ರಾಟಾಕ್ಸಿನ್ ಎಂಬ ಪ್ರೋಟೀನು ತೀರಾ ಕಡಿಮೆ ತಯಾರಾಗುತ್ತದೆ. ಕೋಶಕ್ಕೆ ಬೇಕಾದ ಶಕ್ತಿ ತಯಾರಾಗುವ ಮೈಟೊಕಾಂಡ್ರಿಯಾದ ಒಳಗೆ ಕಬ್ಬಿಣ ಮತ್ತು ಗಂಧಕದ ಜೋಡಣೆಗೆ ಈ ಪ್ರೋಟೀನು ಬೇಕು. ಅದಿಲ್ಲದೆ ಹೆಚ್ಚು ಕಷ್ಟಪಡುವುದು ಆ ನರಗಂಟುಗಳು, ಬೆನ್ನುಹುರಿ, ಕಿರುಮೆದುಳಿನ ಒಳಗಿನ ಡೆಂಟೇಟ್ ಅನ್ನುವ ಭಾಗ, ಹೃದಯದ ಸ್ನಾಯು, ಕೆಲವರಲ್ಲಿ ಇನ್ಸುಲಿನ್ ಮಾಡುವ ಕೋಶಗಳು. ಈ ಪಟ್ಟಿ ನೆನಪಿಟ್ಟುಕೊಳ್ಳಿ, ಇದು ಮತ್ತೆ ಬೇಕಾಗುತ್ತದೆ.

ಈಗ ನೀವು ಓದಿದ ಕಿಣ್ವಕ್ಕೆ ಬರೋಣ. ನೀವು ಹೆಸರು ಬರೆದಿಲ್ಲ, ಆದರೆ ಬೆಂಜೋಯೇಟ್ ಮಾತು ಬಂದಿರುವುದರಿಂದ ಅದು ಡಿ-ಅಮೈನೋ ಆಸಿಡ್ ಆಕ್ಸಿಡೇಸ್ ಆಗಿರಲೇಬೇಕು. ಚಿಕ್ಕದಾಗಿ ಡಿಎಒ ಅಂತ ಕರೆಯುತ್ತಾರೆ. 1935ರಲ್ಲಿ ಹಾನ್ಸ್ ಕ್ರೆಬ್ಸ್ ಎಂಬ ಜೀವರಸಾಯನ ವಿಜ್ಞಾನಿ ಇದನ್ನು ಗುರುತಿಸಿದ್ದರು. ತುಂಬ ವರ್ಷ ಇದು ದೇಹದಲ್ಲಿ ಯಾಕಿದೆ ಅನ್ನುವುದೇ ಬಗೆಹರಿಯಲಿಲ್ಲ. 1992ರಲ್ಲಿ ಜಪಾನಿನ ಸಂಶೋಧಕರು ಇಲಿಯ ಮೆದುಳಿನಲ್ಲಿ ಡಿ-ಸೆರಿನ್ ಅನ್ನುವ ಅಮೈನೋ ಆಮ್ಲ ಸಾಕಷ್ಟು ಇದೆ ಅಂತ ತೋರಿಸಿದ ಮೇಲೆ ಚಿತ್ರ ಬದಲಾಯಿತು. ಕಿಣ್ವಕ್ಕೆ ಮೆದುಳಲ್ಲೂ ಕೆಲಸ ಇದೆ ಅಂತಾಯಿತು. ಒಂದು ನರಕೋಶ ಇನ್ನೊಂದಕ್ಕೆ ಸಂದೇಶ ಕೊಡುವಾಗ ಎನ್‌ಎಂಡಿಎ ಅನ್ನುವ ಬಾಗಿಲು ತೆರೆಯಬೇಕು, ಅದಕ್ಕೆ ಸಂದೇಶ ಒಯ್ಯುವ ಗ್ಲುಟಮೇಟ್ ಎಂಬ ರಾಸಾಯನಿಕ ಒಂದೇ ಸಾಲದು, ಜೊತೆಗೆ ಡಿ-ಸೆರಿನ್ ಅಥವಾ ಗ್ಲೈಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಕೂಡ ಇರಬೇಕು.

ಡಿಎಒ ಮಾಡುವುದು ಈ ಡಿ-ಸೆರಿನ್‌ನ್ನು ಒಡೆದು ಹಾಕುವ ಕೆಲಸ. ತೊಟ್ಟಿಯ ತಳದ ತೂತಿನ ಹಾಗೆ: ಅದನ್ನು ಮುಚ್ಚಿದರೆ ನೀರು ಏರುತ್ತದೆ, ಕಿಣ್ವವನ್ನು ತಡೆದರೆ ಡಿ-ಸೆರಿನ್ ಏರುತ್ತದೆ. ಇಡೀ ಮೆದುಳಿನಲ್ಲಿ ಈ ಕಿಣ್ವ ಜಾಸ್ತಿ ಇರುವ ಜಾಗ ಯಾವುದು ಅಂದರೆ ಕಿರುಮೆದುಳು. ನಡಿಗೆ, ಕೈಯ ಗುರಿ, ಮಾತಿನ ಲಯ, ಕಣ್ಣಿನ ಚಲನೆ ಎಲ್ಲ ಹೊಂದಿಸುವ ಭಾಗ ಅದೇ. ಹಾಗಿದ್ದ ಮೇಲೆ ಇಲ್ಲಿ ಕಿಣ್ವ ತಡೆದು ನೋಡೋಣ ಅಂತ ಯಾರಿಗೆ ಅನ್ನಿಸುವುದಿಲ್ಲ ಹೇಳಿ. ಜಪಾನಿನಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡದ ಇಲಿಯ ತಳಿಯೊಂದು 1983ರಲ್ಲೇ ಸಿಕ್ಕಿತ್ತು, ಅವು ಬದುಕುತ್ತವೆ, ಮರಿ ಹಾಕುತ್ತವೆ. 2011ರಲ್ಲಿ ಬಂದ ಇನ್ನೊಂದು ಅಧ್ಯಯನ ಎಳೆಯ ಇಲಿಗಳ ಕಿರುಮೆದುಳಿನಲ್ಲಿ ಡಿ-ಸೆರಿನ್ ಒಂದು ಬೇರೆ ಗ್ರಾಹಕಕ್ಕೂ (ಕೋಶದ ಮೇಲೆ ಸಂದೇಶ ಹಿಡಿಯುವ ಜಾಗ) ಅಂಟಿಕೊಂಡು, ಪರ್ಕಿಂಜೆ ಎಂಬ ದೊಡ್ಡ ಕೋಶಗಳು ಚಲನೆಯನ್ನು ಕಲಿಯಲು ನೆರವಾಗುತ್ತದೆ ಅಂತ ತೋರಿಸಿತು. ಅಂದರೆ ಈ ಯೋಚನೆ ಗಾಳಿಯಲ್ಲಿ ಕಟ್ಟಿದ್ದಲ್ಲ. ಅದರ ಹಿಂದೆ ಒಳ್ಳೆಯ ವಿಜ್ಞಾನ ಇದೆ.

ಆದರೆ ಇಲಿಯ ನಡಿಗೆ ಸುಧಾರಿಸಿತು ಅಂತ ಬರೆದಾಗ ಏನನ್ನು ಅಳೆದಿರುತ್ತಾರೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಿ. ಸಾಮಾನ್ಯವಾಗಿ ಅಡ್ಡಕ್ಕೆ ಇಟ್ಟ ಒಂದು ಕೋಲು ನಿಧಾನವಾಗಿ ತಿರುಗುತ್ತಿರುತ್ತದೆ, ಇಲಿಯನ್ನು ಅದರ ಮೇಲೆ ಬಿಡುತ್ತಾರೆ, ಕೋಲಿನ ವೇಗ ಹೆಚ್ಚಿಸುತ್ತಾ ಹೋಗುತ್ತಾರೆ, ಎಷ್ಟು ಸೆಕೆಂಡಿಗೆ ಅದು ಕೆಳಗೆ ಬಿತ್ತು ಅಂತ ಬರೆದುಕೊಳ್ಳುತ್ತಾರೆ. ಉಪಯುಕ್ತ ಪರೀಕ್ಷೆಯೇ. ಆದರೆ ನಾಲ್ಕು ಕಾಲಿನ, ಕೆಲವು ವಾರ ಕಾಯಿಲೆ ಇದ್ದ ಪ್ರಾಣಿ ಅದು. ನಿಮ್ಮ ತಮ್ಮ ಎರಡು ಕಾಲಿನ ಮೇಲೆ ಏಳು ವರ್ಷದಿಂದ ಕಾಯಿಲೆಯ ಜೊತೆ ನಡೆಯುತ್ತಿದ್ದಾನೆ. ಇದಕ್ಕಿಂತ ದೊಡ್ಡ ಸಮಸ್ಯೆ ಇನ್ನೊಂದಿದೆ: ಫ್ರಾಟಾಕ್ಸಿನ್ ಪೂರ್ತಿ ಇಲ್ಲದ ಇಲಿ ಹುಟ್ಟುವುದೇ ಇಲ್ಲ, ಭ್ರೂಣದಲ್ಲೇ ಸಾಯುತ್ತದೆ. ಹಾಗಾಗಿ ಪ್ರಯೋಗಕ್ಕೆ ಬಳಸುವ ಇಲಿಗಳೆಲ್ಲ ಕಾಯಿಲೆಯ ಒಂದೊಂದು ತುಂಡನ್ನು ಮಾತ್ರ ತೋರಿಸುತ್ತವೆ.

ಮನುಷ್ಯರಲ್ಲಿ ಪರೀಕ್ಷೆ ಆಗಿದೆಯಾ? ಆಗಿದೆ. ಟಕೇಡಾ ಕಂಪನಿ ಟಿಎಕೆ-831 ಎಂಬ ಡಿಎಒ ತಡೆಯುವ ಔಷಧವನ್ನು ಫ್ರೀಡ್ರೈಕ್ ಅಟಾಕ್ಸಿಯಾ ಇರುವ ವಯಸ್ಕರಲ್ಲೇ ಪರೀಕ್ಷಿಸಿತು. ಆಮೇಲೆ ಇದಕ್ಕೆ ಲುವಡಾಕ್ಸಿಸ್ಟಾಟ್ ಅಂತ ಹೆಸರಾಯಿತು. ಸುಮಾರು ಮೂರು ತಿಂಗಳ ಆ ಪ್ರಯೋಗದಲ್ಲಿ ಮುಖ್ಯವಾಗಿ ನೋಡಿದ್ದು ಕೈಯ ಕುಶಲತೆ. ಒಂದು ಸಣ್ಣ ಹಲಗೆಯಲ್ಲಿ ಒಂಬತ್ತು ತೂತು, ಪಕ್ಕದ ಬಟ್ಟಲಲ್ಲಿ ಒಂಬತ್ತು ಕಡ್ಡಿ. ಒಂದೊಂದಾಗಿ ಕಡ್ಡಿ ತೆಗೆದು ತೂತಿಗೆ ಸಿಕ್ಕಿಸಬೇಕು, ಮತ್ತೆ ಒಂದೊಂದಾಗಿ ತೆಗೆದು ಬಟ್ಟಲಿಗೆ ಹಾಕಬೇಕು, ಎಷ್ಟು ಹೊತ್ತು ಹಿಡಿಯಿತು ಅಂತ ನೋಡಬೇಕು. ನಿಮ್ಮ ತಮ್ಮನೂ ಇದನ್ನು ಮಾಡಿರಬಹುದು. ಫಲಿತಾಂಶ ಏನು ಅಂದರೆ, ಔಷಧ ತೆಗೆದುಕೊಂಡವರಿಗೂ ಔಷಧವಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅಟಾಕ್ಸಿಯಾದಲ್ಲಿ ಅದನ್ನು ಮುಂದುವರಿಸಲಿಲ್ಲ. ಸ್ಕಿಜೋಫ್ರೇನಿಯಾ ಎಂಬ ಮಾನಸಿಕ ಕಾಯಿಲೆಗೂ ಅದೇ ಔಷಧ ನೋಡಿದರು, ಅಲ್ಲೂ 2021ರಲ್ಲಿ ಬಂದ ಫಲಿತಾಂಶ ಮುಖ್ಯ ಗುರಿ ಮುಟ್ಟಲಿಲ್ಲ.

ಯಾಕೆ ಕೆಲಸ ಮಾಡಲಿಲ್ಲ ಅನ್ನುವುದಕ್ಕೆ ನನ್ನ ಅಭಿಪ್ರಾಯ ಹೇಳುತ್ತೇನೆ, ಇದು ನನ್ನ ಅಭಿಪ್ರಾಯ ಅಂತಲೇ ಓದಿ. ಮೇಲಿನ ಪಟ್ಟಿ ನೋಡಿ. ಈ ಕಾಯಿಲೆಯ ಮುಖ್ಯ ಪೆಟ್ಟು ಬೆನ್ನುಹುರಿಯ ಪಕ್ಕದ ನರಗಂಟುಗಳಿಗೆ, ಡೆಂಟೇಟ್ ಭಾಗಕ್ಕೆ. ಡಿಎಒ ಜಾಸ್ತಿ ಇರುವುದು ಕಿರುಮೆದುಳಿನ ಮೇಲ್ಪದರದ ಪೋಷಕ ಕೋಶಗಳಲ್ಲಿ, ಪರ್ಕಿಂಜೆ ಕೋಶಗಳ ಅಕ್ಕಪಕ್ಕ. ಪರ್ಕಿಂಜೆ ಕೋಶಗಳು ಈ ಕಾಯಿಲೆಯಲ್ಲಿ ತಕ್ಕಮಟ್ಟಿಗೆ ಉಳಿದುಕೊಂಡಿರುತ್ತವೆ. ಕಾಲಿನಿಂದ ಮೆದುಳಿಗೆ ಬರಬೇಕಾದ ಸುದ್ದಿ ದಾರಿಯಲ್ಲೇ ಕಳೆದುಹೋಗುತ್ತಿರುವಾಗ, ಮೇಲೆ ಕೂತು ಕೇಳಿಸಿಕೊಳ್ಳುವವರ ಕಿವಿ ಎಷ್ಟು ಚುರುಕು ಮಾಡಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಫ್ರಾಟಾಕ್ಸಿನ್ ಕೊರತೆಯಂತೂ ಇದ್ದಲ್ಲೇ ಇರುತ್ತದೆ, ಡಿ-ಸೆರಿನ್ ಏರಿದರೆ ಅದು ತುಂಬುವುದಿಲ್ಲ.

ಇನ್ನೊಂದು ವಿಷಯ, ದೊಡ್ಡವರ ಕಿರುಮೆದುಳಿನಲ್ಲಿ ಡಿ-ಸೆರಿನ್ ಸಹಜವಾಗಿಯೇ ತುಂಬ ಕಡಿಮೆ. ಕಿಣ್ವ ಅಲ್ಲಿ ಕೂತು ಅದನ್ನು ಕಡಿಮೆ ಇಟ್ಟಿರುತ್ತದೆ, ಸುಮ್ನೆ ಕೂತಿಲ್ಲ. ಎನ್‌ಎಂಡಿಎ ಬಾಗಿಲು ಅತಿಯಾಗಿ ತೆರೆದುಕೊಂಡರೆ ನರಕೋಶಗಳೇ ಸಾಯುತ್ತವೆ. 2010ರಲ್ಲಿ ಒಂದು ಕುಟುಂಬದಲ್ಲಿ ಈ ಕಿಣ್ವದ ಜೀನಿನ ದೋಷಕ್ಕೂ ಎಎಲ್‌ಎಸ್ ಎಂಬ ಭೀಕರ ನರರೋಗಕ್ಕೂ ನಂಟು ಕಂಡುಬಂದಿತ್ತು. ಒಂದೇ ಕುಟುಂಬ, ಅದರಿಂದ ಎಲ್ಲರಿಗೂ ಹಾಗಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಆದರೂ ವರ್ಷಗಟ್ಟಲೆ ಈ ಕಿಣ್ವವನ್ನು ಮನೆಯಲ್ಲೇ ಕಟ್ಟಿಹಾಕಿ ಕೂರುವ ಮೊದಲು ಯಾರಾದರೂ ಎರಡು ಸಲ ಯೋಚಿಸಬೇಕು.

ಈಗ ಬೆಂಜೋಯೇಟ್. ಅದು ಡಿಎಒ ತಡೆಯುತ್ತದೆ, ನಿಜ. ತೈವಾನಿನಲ್ಲಿ ಸ್ಕಿಜೋಫ್ರೇನಿಯಾ ಇರುವವರಿಗೆ ಉಳಿದ ಔಷಧಗಳ ಜೊತೆ ದಿನಕ್ಕೆ 1 ಗ್ರಾಂ ಕೊಟ್ಟು ನೋಡಿದ ಅಧ್ಯಯನ 2013ರಲ್ಲಿ ಬಂತು, ಒಂದಿಷ್ಟು ಅನುಕೂಲವೂ ಕಂಡಿತು. ನಿಮ್ಮ ಪರಿಚಯದವರು ಬಹುಶಃ ಅದನ್ನೇ ಎಲ್ಲೋ ಓದಿರಬೇಕು. ಅದು ಬೇರೆ ಕಾಯಿಲೆ. ವೈದ್ಯರ ಕಣ್ಗಾವಲಿನಲ್ಲಿ, ಆರು ವಾರ, ಶುದ್ಧ ಔಷಧ. ಆಹಾರದಲ್ಲಿ ಹಾಕುತ್ತಾರಲ್ಲ ಅನ್ನುವುದು ಪ್ರಮಾಣದ ಮಾತೇ ಮರೆತ ವಾದ. ಆಹಾರ ಕೆಡದಂತೆ ಹಾಕುವುದು ಚಿಟಿಕೆಯ ಲೆಕ್ಕ, ಮದ್ದಾಗಿ ಕೊಡುವುದು ದಿನವೂ ಗ್ರಾಂ ಲೆಕ್ಕ.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಹುಟ್ಟಿಸುವ ಸಂಗತಿ ಇನ್ನೊಂದಿದೆ. ಹೊಟ್ಟೆಗೆ ಹೋದ ಬೆಂಜೋಯೇಟನ್ನು ದೇಹ ಹೊರಗೆ ಹಾಕುವುದು ಹೇಗೆ ಗೊತ್ತಾ? ಮುಖ್ಯವಾಗಿ ಯಕೃತ್ತಿನ ಮೈಟೊಕಾಂಡ್ರಿಯಾದ ಒಳಗೆ, ಕೋಶದ ಶಕ್ತಿಯನ್ನು ಖರ್ಚು ಮಾಡಿ, ಅದನ್ನು ಗ್ಲೈಸಿನ್‌ಗೆ ಜೋಡಿಸಿ ಮೂತ್ರಕ್ಕೆ ಕಳಿಸುತ್ತದೆ. ಫ್ರೀಡ್ರೈಕ್ ಅಟಾಕ್ಸಿಯಾದಲ್ಲಿ ಸೋತಿರುವುದೇ ಮೈಟೊಕಾಂಡ್ರಿಯಾ. ಇದರಿಂದ ಕೆಟ್ಟದಾಗಿಯೇ ತೀರುತ್ತದೆ ಅಂತ ನಾನು ಹೇಳುತ್ತಿಲ್ಲ, ಆದರೆ ಲಾಭ ಇದೆ ಅನ್ನುವುದಕ್ಕೆ ಆಧಾರವೇ ಇಲ್ಲದ ವಸ್ತುವಿಗಾಗಿ ಈಗಾಗಲೇ ಏದುಸಿರು ಬಿಡುತ್ತಿರುವ ಜಾಗದ ಮೇಲೆ ದಿನವೂ ಹೊರೆ ಹೊರಿಸುವುದು ಯಾವ ಜಾಣತನ? ರಕ್ತದಲ್ಲಿ ಅಮೋನಿಯಾ ಏರುವ ಕೆಲವು ಹುಟ್ಟು ಕಾಯಿಲೆಗಳಿಗೆ ಆಸ್ಪತ್ರೆಯಲ್ಲಿ ಬೆಂಜೋಯೇಟನ್ನು ಔಷಧವಾಗಿ ಕೊಡುತ್ತಾರೆ. ಪ್ರಮಾಣ ಮೀರಿದರೆ ವಾಂತಿ, ಏದುಸಿರು, ರಕ್ತದಲ್ಲಿ ಆಮ್ಲ ಏರುವುದು, ಮಂಕು ಕವಿಯುವುದು ಎಲ್ಲ ಆಗುತ್ತದೆ ಅಂತ ಗೊತ್ತಿರುವುದರಿಂದ ಅಲ್ಲಿ ರಕ್ತ ಪರೀಕ್ಷೆ ಮಾಡುತ್ತಲೇ ಕೊಡುತ್ತಾರೆ. ಅಡುಗೆಮನೆಯ ಚಮಚದಲ್ಲಿ ಅಳೆದು ಕೊಡುವ ಪದಾರ್ಥ ಅಲ್ಲ ಅದು.

ಅಸೆಟಜೋಲಮೈಡ್ ವಿಷಯಕ್ಕೆ ಬಂದರೆ, ಹೇಳಿದವರು ಸುಳ್ಳು ಹೇಳಿಲ್ಲ. ಅದೂ ಒಂದು ಕಿಣ್ವವನ್ನೇ ತಡೆಯುತ್ತದೆ, ಆದರೆ ಬೇರೆಯದು, ಕಾರ್ಬಾನಿಕ್ ಅನ್‌ಹೈಡ್ರೇಸ್. ಎಪಿಸೋಡಿಕ್ ಅಟಾಕ್ಸಿಯಾ ಟೈಪ್ 2 ಅನ್ನುವ ಒಂದು ಬಗೆ ಇದೆ. ಅದರಲ್ಲಿ ತೂರಾಟ ಸದಾ ಇರುವುದಿಲ್ಲ, ದಾಳಿ ದಾಳಿಯಾಗಿ ಬರುತ್ತದೆ. ಚೆನ್ನಾಗಿದ್ದ ಮನುಷ್ಯ ಓಡಿದಾಗಲೋ ಗಾಬರಿಯಾದಾಗಲೋ ಇದ್ದಕ್ಕಿದ್ದ ಹಾಗೆ ತಲೆ ತಿರುಗಿ, ಮಾತು ತೊದಲಿ, ಕೆಲವು ಗಂಟೆ ನಡೆಯಲಾಗದೆ ಮಲಗಿ, ಆಮೇಲೆ ಏನೂ ಆಗಿಲ್ಲವೇನೋ ಅನ್ನುವಂತೆ ಎದ್ದು ಓಡಾಡುತ್ತಾನೆ. ಕ್ಯಾಲ್ಸಿಯಂ ಒಳಬಿಡುವ ಒಂದು ಬಾಗಿಲಿನ ಜೀನಿನ ದೋಷ ಅದಕ್ಕೆ ಕಾರಣ. ಇಂಥವರಿಗೆ ಅಸೆಟಜೋಲಮೈಡ್ ಕೊಟ್ಟರೆ ದಾಳಿ ನಿಲ್ಲುತ್ತದೆ ಅಂತ 1978ರಿಂದಲೇ ಗೊತ್ತಿದೆ. 2021ರಲ್ಲಿ ಬಂದ ಪ್ರಯೋಗದಲ್ಲಿ ಈ ಮಾತ್ರೆಯೂ ಫಾಂಪ್ರಿಡಿನ್ ಎಂಬ ಇನ್ನೊಂದು ಔಷಧವೂ ಎರಡೂ ದಾಳಿಗಳನ್ನು ಕಡಿಮೆ ಮಾಡಿದವು. ಬಹುಶಃ ಅವರ ಸಂಬಂಧಿಕರಿಗೆ ಇದ್ದದ್ದು ಇದೇ ಬಗೆ. ನಿಮ್ಮ ತಮ್ಮನದು ದಾಳಿಯಾಗಿ ಬಂದುಹೋಗುವ ಅಟಾಕ್ಸಿಯಾ ಅಲ್ಲ, ಆ ಮಾತ್ರೆಗೆ ಅಲ್ಲಿ ಹಿಡಿಯಲು ಏನೂ ಇಲ್ಲ. ಬೆರಳು ಜುಮುಗುಡುವುದು, ಬಾಯಿ ರುಚಿ ಕೆಡುವುದು, ಮೂತ್ರದಲ್ಲಿ ಕಲ್ಲು ಇವು ಮಾತ್ರ ಬರಬಹುದು.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ಅಟಾಕ್ಸಿಯಾ ಒಂದೇ ಕಾಯಿಲೆಯ ಹೆಸರಲ್ಲ, ಆಯ ತಪ್ಪುವ ಲಕ್ಷಣ ಅಷ್ಟೇ. ಜೀನ್ ಪರೀಕ್ಷೆ ಆಗದವರು ಮೊದಲು ಸರಿಮಾಡಬಹುದಾದ ಕಾರಣಗಳನ್ನು ನೋಡಿಸಿಕೊಳ್ಳಬೇಕು. ಬಿ12 ಕೊರತೆ, ಥೈರಾಯ್ಡ್, ಮದ್ಯ, ಫಿಟ್ಸ್‌ಗೆ ಕೊಡುವ ಫೆನಿಟಾಯ್ನ್ ಮಾತ್ರೆ ಜಾಸ್ತಿಯಾಗುವುದು, ಮಾನಸಿಕ ಕಾಯಿಲೆಗೆ ಕೊಡುವ ಲಿಥಿಯಂ. ಇ ವಿಟಮಿನ್ ದೇಹದಲ್ಲಿ ನಿಲ್ಲದ ಒಂದು ಹುಟ್ಟು ಕಾಯಿಲೆಯಂತೂ ನೋಡಲು ಥೇಟ್ ಫ್ರೀಡ್ರೈಕ್ ಅಟಾಕ್ಸಿಯಾದ ಹಾಗೇ ಇರುತ್ತದೆ, ಆದರೆ ಹೆಚ್ಚಿನ ಪ್ರಮಾಣದ ಇ ವಿಟಮಿನ್ ಕೊಟ್ಟರೆ ಅಲ್ಲಿಗೇ ನಿಲ್ಲುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವ ವಿಷಯ, ತಪ್ಪಿಹೋಗಬಾರದು.

ಹಾಗಾದರೆ ತಮ್ಮನಿಗೆ ಏನು ದಾರಿ? ಈ ಕಾಯಿಲೆಗೆಂದೇ ಒಪ್ಪಿಗೆ ಪಡೆದ ಔಷಧ ಒಂದಿದೆ, ಒಮಾವೆಲೊಕ್ಸೊಲೋನ್. ಅಮೆರಿಕದಲ್ಲಿ 2023ರ ಫೆಬ್ರವರಿಯಲ್ಲಿ, ಯುರೋಪಿನಲ್ಲಿ 2024ರಲ್ಲಿ 16 ವರ್ಷ ಮತ್ತು ಮೇಲ್ಪಟ್ಟವರಿಗೆ ಒಪ್ಪಿಗೆ ಸಿಕ್ಕಿತು. ಇದು ಕಿಣ್ವ ತಡೆಯುವ ಔಷಧ ಅಲ್ಲ. ಮೈಟೊಕಾಂಡ್ರಿಯಾ ಸೋತಾಗ ಕೋಶ ತನ್ನನ್ನು ತಾನು ಕಾಪಾಡಿಕೊಳ್ಳುವ ಒಂದು ಸ್ವಿಚ್ ಇದೆ, ಈ ಕಾಯಿಲೆಯಲ್ಲಿ ಅದು ಮಂಕಾಗಿರುತ್ತದೆ, ಅದನ್ನು ಚುರುಕುಗೊಳಿಸುತ್ತದೆ. 48 ವಾರಗಳ ಪ್ರಯೋಗದಲ್ಲಿ ಔಷಧ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ನಡುವೆ ನರಪರೀಕ್ಷೆಯ ಅಂಕದಲ್ಲಿ ಸುಮಾರು 2.4ರಷ್ಟು ವ್ಯತ್ಯಾಸ ಕಂಡಿತು. ಕೇಳಲು ಚಿಕ್ಕದು ಅನ್ನಿಸಬಹುದು, ವರ್ಷ ವರ್ಷಕ್ಕೆ ಇಳಿಯುತ್ತಲೇ ಹೋಗುವ ಕಾಯಿಲೆಯಲ್ಲಿ ಅದು ಸಣ್ಣದಲ್ಲ. ಗುಣ ಮಾಡುವುದಿಲ್ಲ, ಕಾಯಿಲೆಯ ಓಟವನ್ನು ನಿಧಾನ ಮಾಡುತ್ತದೆ. ಯಕೃತ್ತಿನ ಪರೀಕ್ಷೆಯ ಅಂಕಿಗಳು ಏರಬಹುದು, ಕೊಲೆಸ್ಟ್ರಾಲ್ ಏರಬಹುದು, ಹೃದಯದ ಮೇಲಿನ ಒತ್ತಡ ತೋರಿಸುವ ಬಿಎನ್‌ಪಿ ಏರಬಹುದು. ಹಾಗಾಗಿ ಶುರುಮಾಡುವ ಮೊದಲು ರಕ್ತ ಪರೀಕ್ಷೆ, ಮೊದಲ ತಿಂಗಳುಗಳಲ್ಲಿ ಪದೇಪದೇ ಪರೀಕ್ಷೆ ಕಡ್ಡಾಯ. ಹೃದಯ ಈಗಾಗಲೇ ಸೋತಿದ್ದರೆ ಲೆಕ್ಕಾಚಾರ ಬೇರೆ. ಎಲ್ಲ ದೇಶಗಳಲ್ಲೂ ಸಿಗುವುದಿಲ್ಲ, ಸಿಕ್ಕರೂ ತುಂಬ ದುಬಾರಿ. ತಮ್ಮನ ವಯಸ್ಸಿಗಂತೂ ಹೊಂದುತ್ತದೆ, ಆದ್ದರಿಂದ ನೀವು ಕೇಳಬೇಕಾದ ಮೊದಲ ಔಷಧದ ಹೆಸರು ಇದು.

ಕಿಣ್ವದ ದಾರಿಯಲ್ಲೇ ಇನ್ನೊಂದು ಪ್ರಯತ್ನವೂ ನಡೆಯಿತು. ವಾಟಿಕ್ವಿನೋನ್ ಎಂಬ ಔಷಧ 15-ಲಿಪಾಕ್ಸಿಜಿನೇಸ್ ಎಂಬ ಕಿಣ್ವವನ್ನು ತಡೆಯುತ್ತದೆ. ಇದರ ಯೋಚನೆ ನನಗೆ ಡಿಎಒಗಿಂತ ಹೆಚ್ಚು ಹಿಡಿಸಿತ್ತು, ಯಾಕೆಂದರೆ ಕಬ್ಬಿಣ ಹೆಚ್ಚಾಗಿ ಕೋಶದ ಕೊಬ್ಬಿನ ಪೊರೆ ಕೆಟ್ಟು ಕೋಶ ಸಾಯುವ ದಾರಿಗೆ ಇದು ಅಡ್ಡ ಹಾಕುತ್ತದೆ, ಅಂದರೆ ಕಾಯಿಲೆಯ ಮೂಲಕ್ಕೆ ಒಂದು ಹೆಜ್ಜೆ ಹತ್ತಿರ. ಆದರೂ 2023ರಲ್ಲಿ ದೊಡ್ಡ ಪ್ರಯೋಗ ಮುಖ್ಯ ಗುರಿ ಮುಟ್ಟಲಿಲ್ಲ. ನೇರ ನಿಲ್ಲುವ, ನಡೆಯುವ ಅಂಕಗಳಲ್ಲಿ ಒಂದಿಷ್ಟು ಅನುಕೂಲ ಕಂಡಿತು, ಅಷ್ಟು ಸಾಲದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2025ರಲ್ಲಿ ಒಪ್ಪಿಗೆ ಕೊಡಲಿಲ್ಲ. ಫ್ರಾಟಾಕ್ಸಿನ್ನನ್ನೇ ಹೊರಗಿನಿಂದ ಕೊಡುವುದು, ಜೀನ್ ಚಿಕಿತ್ಸೆ ಇವುಗಳ ಪ್ರಯೋಗವೂ ನಡೆಯುತ್ತಿದೆ. ನನ್ನ ಕಣ್ಣು ಇರುವುದು ಅವುಗಳ ಮೇಲೆ.

ಪ್ರಯೋಗಕ್ಕೆ ಸೇರುವ ಯೋಚನೆ ಇದ್ದರೆ, ನೋಂದಣಿಯಾದ ಪ್ರಯೋಗವೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಸೇರಲು ದುಡ್ಡು ಕೇಳಿದರೆ ಎದ್ದು ಬನ್ನಿ. ಅರ್ಧದಷ್ಟು ಜನರಿಗೆ ಸುಳ್ಳು ಮಾತ್ರೆ ಬರಬಹುದು ಅನ್ನುವುದನ್ನು ತಮ್ಮನಿಗೆ ಮುಂಚೆಯೇ ಹೇಳಿ, ಅವನು ವಯಸ್ಕ, ಒಪ್ಪಿಗೆ ಅವನದು. ಇನ್ನೊಂದು, ಮನೆಯಲ್ಲಿ ತಾವಾಗಿಯೇ ಬೆಂಜೋಯೇಟೋ ಇನ್ನೇನೋ ತೆಗೆದುಕೊಳ್ಳುತ್ತಿರುವವರನ್ನು ಇಂಥ ಪ್ರಯೋಗಗಳಿಗೆ ಸೇರಿಸಿಕೊಳ್ಳದೇ ಇರಬಹುದು. ಇದು ಎಷ್ಟೋ ಜನರಿಗೆ ತಡವಾಗಿ ಗೊತ್ತಾಗುತ್ತದೆ.

ಔಷಧದ ಮಾತಿನ ಗಲಾಟೆಯಲ್ಲಿ ಮನೆಯವರು ಮರೆಯುವುದು ಹೃದಯವನ್ನು. ಈ ಕಾಯಿಲೆಯಲ್ಲಿ ಜೀವಕ್ಕೆ ಕುತ್ತು ಬರುವುದು ಹೆಚ್ಚಾಗಿ ಹೃದಯದ ಸ್ನಾಯು ದಪ್ಪವಾಗಿ, ಬಡಿತ ತಪ್ಪುವುದರಿಂದ, ನಡಿಗೆಯಿಂದ ಅಲ್ಲ. ತಮ್ಮನಿಗೆ ಏನೂ ಅನ್ನಿಸದಿದ್ದರೂ ವರ್ಷಕ್ಕೊಮ್ಮೆ ಇಸಿಜಿ, ಎಕೋ ಆಗಬೇಕು. ಎದೆ ಡವಡವ ಅನ್ನುವುದು, ತಲೆ ಸುತ್ತಿ ಬೀಳುವುದು, ಉಸಿರು ಕಟ್ಟುವುದು ಇದ್ದರೆ ಕಾಯಬೇಡಿ. ಸಕ್ಕರೆ ಪರೀಕ್ಷೆಯೂ ವರ್ಷಕ್ಕೊಮ್ಮೆ. ಬೆನ್ನೆಲುಬು ಪಕ್ಕಕ್ಕೆ ಬಾಗುತ್ತಿದೆಯಾ, ನೀರು ಕುಡಿಯುವಾಗ ಕೆಮ್ಮು ಬರುತ್ತದಾ, ಗದ್ದಲದಲ್ಲಿ ಮಾತು ಕೇಳಿಸುತ್ತದಾ, ಇವನ್ನೂ ನೋಡಿಸಿ.

ಫಿಸಿಯೋಥೆರಪಿ ಬಗ್ಗೆ ಜನ ಮೂಗು ಮುರಿಯುತ್ತಾರೆ, ಔಷಧ ಇಲ್ಲದ್ದಕ್ಕೆ ವ್ಯಾಯಾಮ ಹೇಳಿ ಕಳಿಸಿದರು ಅಂತ. 2009ರಲ್ಲಿ ಜರ್ಮನಿಯ ಒಂದು ಅಧ್ಯಯನ ನಾಲ್ಕು ವಾರ ಬಿಗಿಯಾಗಿ ಸಮತೋಲನದ ತರಬೇತಿ ಕೊಟ್ಟಾಗ ಕಿರುಮೆದುಳು ಸವೆಯುವ ಕಾಯಿಲೆ ಇರುವವರ ನಡಿಗೆ ಸುಧಾರಿಸಿದ್ದನ್ನು ತೋರಿಸಿತು. ಕಾಲಿನಿಂದ ಸುದ್ದಿ ತರುವ ನರಗಳೇ ಕೆಟ್ಟವರಲ್ಲಿ ಲಾಭ ಸ್ವಲ್ಪ ಕಡಿಮೆ ಇತ್ತು, ಇದನ್ನು ಮುಚ್ಚಿಡುವುದಿಲ್ಲ, ನಿಮ್ಮ ತಮ್ಮ ಆ ಗುಂಪಿಗೇ ಸೇರುತ್ತಾನೆ. ಆದರೂ ನನ್ನ ಅನುಭವದಲ್ಲಿ ಬಿಡದೆ ಮಾಡಿದವರು ಗಾಲಿಕುರ್ಚಿಯನ್ನು ಹೆಚ್ಚು ಕಾಲ ದೂರ ಇಟ್ಟಿದ್ದಾರೆ. ಇವತ್ತೇ ಮಾಡಬಹುದಾದ ಕೆಲಸ ಇನ್ನೊಂದಿದೆ: ಅವನ ಮಂಚದಿಂದ ಬಚ್ಚಲಮನೆಯವರೆಗಿನ ದಾರಿಯಲ್ಲಿ ರಾತ್ರಿಯಿಡೀ ಒಂದು ದೀಪ ಇರಲಿ, ಪಕ್ಕದಲ್ಲಿ ಹಿಡಿಯಲು ಕಂಬಿ ಇರಲಿ. ಕಣ್ಣು ಅವನಿಗೆ ಕಾಲಿನ ಕೆಲಸ ಮಾಡುತ್ತಿದೆ ಅಂತ ಹೇಳಿದೆನಲ್ಲ.

ಇನ್ನು ನಿಮ್ಮ ಪ್ರಶ್ನೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ಜೀನಿನ ದೋಷವಿರುವ ಪ್ರತಿ ಬಂದರೆ ಮಾತ್ರ ಈ ಕಾಯಿಲೆ ಬರುತ್ತದೆ. ಹೆಚ್ಚಿನವರಲ್ಲಿ 5ರಿಂದ 15ರ ವಯಸ್ಸಿನೊಳಗೆ ಕಾಣಿಸಿಕೊಳ್ಳುತ್ತದೆ. 25 ದಾಟಿದ ಮೇಲೆ ಶುರುವಾಗುವ ತಡದ ಬಗೆ ಇದೆ, ಆದರೆ ಕಡಿಮೆ. 27ರಲ್ಲಿ ನಿಮಗೆ ನಡಿಗೆ, ಬರಹ, ಮಾತು ಎಲ್ಲ ಸರಿ ಇದ್ದರೆ ನಿಮಗೆ ಬರುವ ಸಾಧ್ಯತೆ ತುಂಬ ಕಡಿಮೆ. ಒಂದು ಪ್ರತಿ ಮಾತ್ರ ಹೊತ್ತ ವಾಹಕಿ ಆಗಿರುವ ಸಾಧ್ಯತೆ ಮೂರರಲ್ಲಿ ಎರಡು ಭಾಗ. ವಾಹಕರಿಗೆ ಕಾಯಿಲೆ ಬರುವುದಿಲ್ಲ. ಮಕ್ಕಳ ಯೋಚನೆ ಇದ್ದಾಗ ಮಾತ್ರ ಅದು ಮುಖ್ಯವಾಗುತ್ತದೆ, ಆಗಲೂ ಸಂಗಾತಿ ವಾಹಕರಾಗಿದ್ದರೆ ಮಾತ್ರ. ಪರೀಕ್ಷೆ ಮಾಡಿಸಿಕೊಳ್ಳುವುದು ಬಿಡುವುದು ನಿಮ್ಮ ಇಷ್ಟ. ಮಾಡಿಸುವುದಾದರೆ ಫಲಿತಾಂಶ ಬಂದ ಮೇಲೆ ಅಲ್ಲ, ರಕ್ತ ಕೊಡುವ ಮೊದಲೇ ಜೆನೆಟಿಕ್ ಕೌನ್ಸೆಲರ್ ಜೊತೆ ಕೂತು ಮಾತಾಡಿ. ತಮ್ಮನ ಜೀನ್ ವರದಿಯ ಒಂದು ಪ್ರತಿಯನ್ನು ಜೊತೆಗೆ ತೆಗೆದುಕೊಂಡು ಹೋಗಿ, ಅದರಲ್ಲಿ ಜಿಎಎ ಎಷ್ಟು ಸಲ ಇದೆ ಅಂತ ಬರೆದಿರುತ್ತದೆ, ನಿಮ್ಮ ರಕ್ತದಲ್ಲಿ ಏನು ಹುಡುಕಬೇಕು ಅಂತ ಅವರಿಗೆ ಅದರಿಂದ ತಿಳಿಯುತ್ತದೆ.